ಮದರಾಸಿಗೆ ಹೊರಟ ನರ್ಸಮ್ಮ

ಸಂತೆಯ ದಿನ ಹೊಳಲ್ಕೆರೆಯ ಧರ್ಮಾಸ್ಪತ್ರೆಯ ಜಗುಲಿಯ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೆಣಸಿನಕಾಯಿ, ಬೆಲ್ಲ ಕೊಂಡ ಮೇಲೆ ಒಂದು ಸೀಸೆ ಔಷಧಿಯನ್ನೂ ಕೊಂಡೊಯ್ಯದಿದ್ದರೆ ಹಳ್ಳಿಯವರಿಗೆ ಸಂತೆ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಅಂಥ ಒಂದು ದಿನ, ನರ್ಸ್ ಶಿವಗಂಗೆ ಯಾರದೋ ಮಗುವಿನ ಕುರುವಿಗೆ ಮುಲಾಮು ಹಚ್ಚುತ್ತಿದ್ದಾಗ, ಜವಳಿ ಅಂಗಡಿಯ ಏಕಾಂತಪ್ಪ ಜನರನ್ನು ಸರಿಸಿಕೊಂಡು ಬಂದು ಅವಳೆದುರು ನಿಂತ. ಕೆಂಪಂಚಿನ ಮೊಳಕಾಲ್ಮೂರು ಸೀರೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

“ತಗಳ್ರಿ,” ಎಂದ.

ಶಿವಗಂಗೆ ಯೋಚಿಸಲಿಲ್ಲ. ತೊಡೆಯ ಮೇಲೆ ಮಗು ಚೀರುತ್ತಿತ್ತು, ಪಕ್ಕದಲ್ಲಿ ಮುದುಕಿಯೊಬ್ಬಳು ತನ್ನ ಮೊಣಕಾಲಿನ ಕಥೆ ಹೇಳುತ್ತಿದ್ದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಸೀರೆಯನ್ನು ತೆಗೆದುಕೊಂಡುಬಿಟ್ಟಳು.

ಜಗುಲಿ ಗಪ್ಪಾಯಿತು. ಮಗು ಕೂಡ ಅಳು ನಿಲ್ಲಿಸಿತು. ಆಯಾ ಕಾಟಮ್ಮನ ಕೈಯಿಂದ ಬಕೀಟು ಜಾರಿ, ನೀರೆಲ್ಲ ಮೆಟ್ಟಿಲ ಮೇಲೆ ಹರಿಯಿತು.

“ಅಯ್ಯಯ್ಯೋ ನಮ್ಮವ್ವ, ತಗಂಡೇಬಿಟ್ಟೆಯಲ್ಲೇ!” ಎಂದಳು ಕಾಟಮ್ಮ.

ಆಗ ಶಿವಗಂಗೆಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಮುಖಕ್ಕೆ ರಕ್ತ ನುಗ್ಗಿತು. ಗಂಡ ಸತ್ತ ಹೆಣ್ಣಿಗೆ ಗಂಡಸೊಬ್ಬ ನಾಲ್ಕು ಜನರ ಮುಂದೆ ಸೀರೆ ಕೊಟ್ಟು, ಅವಳು ಅದನ್ನು ಕೈಗೆ ತೆಗೆದುಕೊಂಡಳೆಂದರೆ, ಅವರ ಜನದಲ್ಲಿ ಅದಕ್ಕೆ ಒಂದೇ ಅರ್ಥ. ಅದೇ ಸೀರುಡಿಕೆ. ಚಪ್ಪರವಿಲ್ಲ, ವಾಲಗವಿಲ್ಲ, ಮೆರವಣಿಗೆಯಿಲ್ಲ. ಸೀರೆ ತೆಗೆದುಕೊಂಡರೆ ಅರ್ಧ ಮದುವೆ, ಉಟ್ಟುಕೊಂಡರೆ ಪೂರ್ತಿ. ಇಲ್ಲಿ ನಾಲ್ಕಲ್ಲ, ನಲವತ್ತು ಜನರಿದ್ದರು.

ಏಕಾಂತಪ್ಪ ಒಂದು ಕ್ಷಣ ಅವಳ ಮುಖ ನೋಡಿದ, ಇನ್ನೊಂದು ಕ್ಷಣ ಜನರ ಮುಖ ನೋಡಿದ, ಆಮೇಲೆ ಕಿವಿಯೆಲ್ಲ ಕೆಂಪಗೆ ಮಾಡಿಕೊಂಡು ಬಂದ ದಾರಿಯಲ್ಲೇ ಹೊರಟುಹೋದ. ಊರ ಬಾಯಿಗೆ ಹೊಲಿಗೆ ಹಾಕುವವರು ಯಾರು? ಸಂತೆ ಚದುರುವುದರೊಳಗೆ ಸುದ್ದಿ ಎತ್ತಿನ ಗಾಡಿ ಹತ್ತಿ ತಾಳ್ಯಕ್ಕೂ ಹೋಯಿತು, ರಾಮಗಿರಿಗೂ ಹೋಯಿತು.

ಶಿವಗಂಗೆ ತಾಳ್ಯದವಳು. ಹದಿನಾಲ್ಕಕ್ಕೆ ಮದುವೆಯಾಯಿತು, ವರ್ಷ ತುಂಬುವ ಮೊದಲೇ ಪ್ಲೇಗು ಬಂತು. ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಗಂಡ ಹೋದ. ಅವನ ಮುಖವನ್ನು ನೆನೆಸಿಕೊಳ್ಳಲು ಹೊರಟರೆ ಅವಳಿಗೆ ಕಾಣುತ್ತಿದ್ದುದು ಪೇಟದ ಅಂಚು ಮಾತ್ರ. ಆ ಗುಡಿಸಲುಗಳಿಗೆ ಚಿತ್ರದುರ್ಗದಿಂದ ಬರುತ್ತಿದ್ದ ಲೇಡಿ ಡಾಕ್ಟರು, ಹೆದರದೆ ಹೆಣದ ಪಕ್ಕ ಕುಳಿತಿದ್ದ ಈ ಹುಡುಗಿಯನ್ನು ನೋಡಿ, ಮಹಾರಾಜರ ಸರ್ಕಾರದ ಖರ್ಚಿನಲ್ಲಿ ಬೆಂಗಳೂರಿಗೆ ಕಳಿಸಿದರು. ಹೆರಿಗೆ ಮಾಡಿಸುವುದು, ಗಾಯ ಕಟ್ಟುವುದು, ಜ್ವರ ಅಳೆಯುವುದು ಎಲ್ಲ ಕಲಿತು ಬಂದಳು. ತಾಳ್ಯದ ಶಿವಗಂಗೆ ಹೊಳಲ್ಕೆರೆಯ ನರ್ಸಮ್ಮನಾದಳು.

ಊರಿಗೆ ನರ್ಸಮ್ಮ ಬೇಕಿತ್ತು, ಆದರೆ ನೋವು ಬಂದಾಗ ಮಾತ್ರ. ನೋವು ಶುರುವಾದರೆ ಗಾಡಿ ಕಟ್ಟಿಕೊಂಡು ಓಡಿ ಬರುತ್ತಿದ್ದರು. ಮಗು ಅತ್ತ ಮೇಲೆ ನೋಡಬಂದವರಿಗೆಲ್ಲ ಕೊಬ್ಬರಿ ಬೆಲ್ಲ, ನರ್ಸಮ್ಮನಿಗೆ ಕೈತೊಳೆಯಲು ಬಿಸಿನೀರು. ‘ನಮ್ಮಲ್ಲಿ ಹುಟ್ಟಿನ ಸೂತಕವೂ ಇಲ್ಲ, ಸಾವಿನ ಸೂತಕವೂ ಇಲ್ಲ’ ಎಂದು ಮಠದ ಜಗುಲಿಯಲ್ಲಿ ಎದೆ ಸೆಟೆಸಿ ಹೇಳುತ್ತಿದ್ದ ಹಿರಿಯರ ಮನೆಯಲ್ಲೂ ಅವಳಿಗೆ ಹಿತ್ತಲ ಬಾಗಿಲೇ.

ಅವಳು ಏನನ್ನೂ ಕೇಳುತ್ತಿರಲಿಲ್ಲ. ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಂದು ಮುದ್ದೆ ತಿರುವಿಕೊಂಡು, ಒಂದೇ ತಟ್ಟೆ ತೊಳೆದು ಕವುಚಿ ಹಾಕುವಾಗ ಮಾತ್ರ, ಆ ತಟ್ಟೆಯ ಸದ್ದು ಮನೆಗೆಲ್ಲ ಕೇಳಿಸುತ್ತಿತ್ತು. ಆ ಸದ್ದಿಗೆ ಅವಳು ಹೆದರುತ್ತಿದ್ದಳು.

ಸೀರೆ ಬಂದ ದಿನ ಅವಳು ಬಾಗಿಲು ಹಾಕಿಕೊಂಡು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಷ್ಟೋ ಹೊತ್ತು ಸವರಿದಳು. ನಿಜ ಹೇಳಬೇಕೆಂದರೆ, ಬೇಡವೆನ್ನಿಸಲಿಲ್ಲ.

ಮರುದಿನ ಏಕಾಂತಪ್ಪ ಬಂದ. ಮೂವತ್ತರ ಹತ್ತಿರದ, ಮಾತಿಗಿಂತ ನಗೆ ಹೆಚ್ಚಿದ್ದ ಮನುಷ್ಯ ಅವತ್ತು ಎರಡೂ ಇಲ್ಲದೆ ಬಂದಿದ್ದ. ಜಗುಲಿಯಲ್ಲಿ ಕುಳಿತಿದ್ದವರೆಲ್ಲ ಔಷಧಿ ಮರೆತು ಕತ್ತು ಚಾಚಿದರು.

“ನರ್ಸಮ್ಮಾರೆ, ತಪ್ಪು ತಿಳಕಬ್ಯಾಡ್ರಿ. ರಾಮಗಿರೀಲಿ ನಮ್ಮ ಅಕ್ಕನ ಹೆರಿಗೆ ಮಾಡಿಸಿದ್ರಲ್ಲ, ತಾಯಿ ಮಗು ಇಬ್ರನ್ನೂ ಉಳಿಸಿದ್ರಿ. ಸೂಲಗಿತ್ತಿಗೆ ಸೀರೆ ಕೊಡಾದು ಪದ್ಧತಿ. ಅದಕ್ಕೇ ಕೊಟ್ಟಿದ್ದು.”

“ಅಷ್ಟೇನಾ?” ಎಂದಳು ಶಿವಗಂಗೆ.

“ಅಷ್ಟೇ,” ಎಂದ ಅವನು, ನೆಲ ನೋಡುತ್ತ.

“ಸೂಲಗಿತ್ತಿ ಸೀರೇನ ಮೊರದಾಗಿಟ್ಟು, ಅಕ್ಕಿ ಬೆಲ್ಲ ಹಾಕಿ, ಮನೆ ಹೆಂಗಸ್ರು ಕೊಡ್ತಾರಪ್ಪ,” ಎಂದು ಕಾಟಮ್ಮ ಯಾರಿಗೂ ಹೇಳದವಳಂತೆ ಹೇಳಿದಳು.

“ನಂಗೆ ಗೊತ್ತಾಗಲಿಲ್ಲ,” ಎಂದ ಏಕಾಂತಪ್ಪ.

ಜನ ನಕ್ಕರು. ಶಿವಗಂಗೆಯೂ ನಕ್ಕಳು, ನಗದೆ ಬೇರೆ ದಾರಿಯಿರಲಿಲ್ಲ. ಆದರೆ ಒಂದು ರಾತ್ರಿಯ ಮಟ್ಟಿಗೆ ಮನಸ್ಸು ಒಂದು ಮನೆ ಕಟ್ಟಿತ್ತು, ಬೆಳಗ್ಗೆ ಅದರ ಯಜಮಾನನೇ ಬಂದು ಇದು ನಮ್ಮದಲ್ಲ ಅಂದಂತಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಏಕಾಂತಪ್ಪನಿಗೆ ಇದ್ದಕ್ಕಿದ್ದಂತೆ ಕಾಯಿಲೆಗಳು ಶುರುವಾದವು.

ಮೊದಲು ಕಿವಿನೋವು. ಶಿವಗಂಗೆ ಅವನನ್ನು ಬೆಳಕಿಗೆ ತಿರುಗಿಸಿ ಕಿವಿಯೊಳಗೆ ನೋಡಿದಳು.

“ಏನೂ ಇಲ್ಲ ಸಾವ್ಕಾರ್ರೆ.”

“ಇನ್ನೂ ಒಳಗೆ ಐತೇನೋ, ಸರಿಯಾಗಿ ನೋಡ್ರಿ.”

“ಒಳಗೆ ಪೂರ್ತಿ ನೋಡಿದೆ. ಖಾಲಿ ಐತೆ.”

ಅವನು ಜೋರಾಗಿ ನಕ್ಕ. ಅವಳು ತುಟಿ ಕಚ್ಚಿಕೊಂಡು ಹತ್ತಿಯ ಡಬ್ಬಿಯ ಕಡೆ ತಿರುಗಿದಳು, ಆದರೆ ಅವಳ ಕೆನ್ನೆಯ ಗುಳಿ ಅವನಿಗೆ ಕಂಡೇಬಿಟ್ಟಿತು.

ಆಮೇಲೆ ಬೆನ್ನುನೋವು, ಆಮೇಲೆ ಕಣ್ಣುರಿ. ಒಮ್ಮೆ ಬಲಗೈ ಹೆಬ್ಬೆರಳಿಗೆ ಏನೋ ಆಗಿದೆಯೆಂದು ಬಂದು ಎಡಗೈ ತೋರಿಸಿದ. ಕಾಂಪೌಂಡರ್ ರಂಗಯ್ಯ ಬಲು ಕಿಲಾಡಿ. ಈ ರೋಗಿಗೆ ಯಾವ ಕಾಯಿಲೆಯಾದರೂ ಕ್ವಿನೈನನ್ನೇ ಬೆರೆಸಿ ಕೊಡುತ್ತಿದ್ದ. ಏಕಾಂತಪ್ಪ ಮುಖ ಹುಳ್ಳಗೆ ಮಾಡದೆ ಅಷ್ಟನ್ನೂ ಕುಡಿದು, ಶಿವಗಂಗೆಯ ಕಡೆ ಒಂದು ನೋಟ ಬಿಟ್ಟು ಹೋಗುತ್ತಿದ್ದ. ಎಲ್ಲರನ್ನೂ ದಾಟಿ ಬಂದು ಅವಳ ಕೈಬೆರಳ ಮೇಲೆ ಕೂರುವ ನೋಟ ಅದು. ಅಷ್ಟು ಹೊತ್ತು ಬ್ಯಾಂಡೇಜು ಸುತ್ತುವುದೇ ಅವಳ ಕೈಗೆ ಮರೆತುಹೋಗುತ್ತಿತ್ತು.

ಅವನು ಬಾರದ ದಿನ ಅವಳಿಗೆ ತಟ್ಟೆಯ ಸದ್ದು ಇನ್ನೂ ದೊಡ್ಡದಾಗಿ ಕೇಳುತ್ತಿತ್ತು.

ಆ ಚಳಿಗಾಲದಲ್ಲಿ ತಾಳ್ಯದಿಂದ ಕರೆ ಬಂತು. ಓಬಯ್ಯನ ಹೆಂಡತಿ ಪುಟ್ಟಕ್ಕನಿಗೆ ಚೊಚ್ಚಲ ಹೆರಿಗೆ. ಶಿವಗಂಗೆ ಕಲಿತದ್ದನ್ನೆಲ್ಲ ಕಲಿತಂತೆಯೇ ಮಾಡಿದಳು. ಹೆಣ್ಣು ಮಗು ಚೆನ್ನಾಗಿ ಹುಟ್ಟಿತು, ಪುಟ್ಟಕ್ಕ ನಕ್ಕು ನೀರು ಕೇಳಿದಳು. ನೀರು ಕುಡಿದು ಸ್ವಲ್ಪ ಹೊತ್ತಿಗೆ ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು ಅದುರತೊಡಗಿದಳು. ಒಂದು ಸಲ ನಿಂತಿತು, ಮತ್ತೆ ಬಂತು. ಮಧ್ಯಾಹ್ನಕ್ಕೆ ತೀರಿಕೊಂಡಳು.

“ಎಲ್ಲ ಚೆಂದಾಗಿತ್ತಲ್ಲವ್ವ, ಯಾಕೆ ಹೋದ್ಲು?” ಎಂದು ಪುಟ್ಟಕ್ಕನ ಅತ್ತೆ ಕೇಳಿದಳು.

“ಶಿವನಿಚ್ಛೆ,” ಎಂದಳು ಶಿವಗಂಗೆ.

ಹಾಗೆಂದ ತನ್ನ ಬಾಯಿಯ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು. ಶಿವನಿಚ್ಛೆ ಎಂದು ಹೇಳಲು ಬೆಂಗಳೂರಿಗೆ ಹೋಗಿ ಓದಬೇಕಿತ್ತೇ? ಯಾಕೆ ಸತ್ತಳೆಂದು ಅವಳಿಗೆ ಗೊತ್ತಿರಲಿಲ್ಲ. ಅದು ಗೊತ್ತಿರುವವರು ಎಲ್ಲೋ ಇದ್ದಾರೆ ಎನ್ನುವುದು ಮಾತ್ರ ಗೊತ್ತಿತ್ತು.

ಮುಂದಿನ ವಾರವೇ ಅವಳು ದುರ್ಗಕ್ಕೆ ಹೋಗಿ ಲೇಡಿ ಡಾಕ್ಟರ ಮುಂದೆ ಕುಳಿತು ಅದನ್ನೇ ಕೇಳಿದಳು. ಅವರು ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು.

“ಒಂದು ಮಾತಿನಲ್ಲಿ ಹೇಳಿ ಮುಗಿಯುವುದಲ್ಲ. ಇದನ್ನೆಲ್ಲ ಮದರಾಸಿನಲ್ಲಿ ಕಲಿಸುತ್ತಾರೆ. ನಿನಗೆ ಗೊತ್ತಿರುವ ಓದಿಗೂ ಅದಕ್ಕೂ ಅಜಗಜಾಂತರ. ಡಾಕ್ಟರಾಗುವ ಹುಡುಗರ ಜೊತೆ ಒಂದೇ ಕೋಣೆಯಲ್ಲಿ ಕುಳಿತು ಪಾಠ ಕೇಳಬೇಕು. ನರ್ಸಾದವಳಿಗೆ ಅದಕ್ಕಿಂತ ದೊಡ್ಡ ಓದು ಈ ಸೀಮೆಯಲ್ಲಿಲ್ಲ. ಮುಗಿಸಿದರೆ ಉಳಿದ ನರ್ಸುಗಳಿಗೆ ನೀನೇ ಪಾಠ ಹೇಳಬಹುದು. ಕಳಿಸಲೇನು?”

“ಕಳಿಸ್ರಿ,” ಎಂದಳು ಶಿವಗಂಗೆ.

“ಮೂರು ವರ್ಷ. ಅಲ್ಲೇ ವಾಸ. ಗಂಡನಿರುವವರನ್ನು ಸೇರಿಸಿಕೊಳ್ಳುವುದಿಲ್ಲ, ಮಧ್ಯೆ ಮದುವೆಯಾದರೆ ಓದು ಅಲ್ಲಿಗೆ ಮುಗಿಯಿತು.”

ಅವಳು ತಲೆಯಾಡಿಸಿದಳು. ತನ್ನನ್ನು ಮದುವೆಗೆ ಕೇಳಿದವರು ಯಾರೂ ಇಲ್ಲ ಎಂಬ ಸಮಾಧಾನ ಅವಳಿಗಿತ್ತು. ಸೀರೆ ಕೊಟ್ಟವನು ಸೂಲಗಿತ್ತಿಗೆ ಕೊಟ್ಟೆ ಅಂದಿದ್ದ, ಕಿವಿ ತೋರಿಸಲು ಬಂದವನು ಕಿವಿಯ ಮಾತನ್ನಷ್ಟೇ ಆಡಿದ್ದ.

ಮದರಾಸಿನಿಂದ ಒಪ್ಪಿಗೆ ಬಂದ ಮೇಲೆ, ಒಂದು ಸಂಜೆ ಅವಳ ಮನೆಯ ಮುಂದೆ ಕಮಾನು ಗಾಡಿ ನಿಂತಿತು. ಇಳಿದವರು ಏಕಾಂತಪ್ಪನ ತಾಯಿ ದಾಕ್ಷಾಯಣಮ್ಮ. ಹಣೆ ತುಂಬ ವಿಭೂತಿ, ಕೈತುಂಬ ಹೂವು. ಕೂರಿ ಅನ್ನಿಸಿಕೊಳ್ಳದೆ ಒಳಗೆ ಬಂದು ಚಾಪೆಯ ಮೇಲೆ ಕುಳಿತರು. ಆ ಮನೆಯೊಳಗೆ ಬಂದು ಕುಳಿತ ಮೊದಲ ದೊಡ್ಡ ಮನೆಯ ಹೆಂಗಸು ಅವರೇ.

“ಹೆಣ್ಣು ಕೇಳಾಕೆ ಬಂದೀನಿ,” ಎಂದರು. “ಯಾರನ್ನ ಅಂತ ನೋಡಬ್ಯಾಡ. ನಿನ್ನನ್ನೇ ಕಣವ್ವ.”

ಶಿವಗಂಗೆ ಅವರೆದುರು ಬರಿ ನೆಲದ ಮೇಲೆ ಕುಳಿತಳು.

“ಇಷ್ಟು ದಿನ ಬ್ಯಾಡ ಅಂತಿದ್ದೆ. ಅವನು ಬ್ಯಾರೆ ಹೆಣ್ಣು ನೋಡಾಕೆ ಬರ್ತಾನೇ ಇಲ್ಲ. ನನ್ನ ಮಗಳನ್ನ ಉಳಿಸಿದ ಕೈ ಇದು, ನಮ್ಮ ಮನೇಗೆ ಬಂದ್ರೆ ಏನು ಕಮ್ಮಿ ಆತು? ಮನೆತುಂಬ ಜನ ಇದೀವಿ. ಒಬ್ಬಳೇ ಉಣ್ಣಾದು ತಪ್ಪುತೈತೆ ನಿಂಗೆ.” ಹಾಗೆನ್ನುತ್ತ ಅವಳ ತಲೆ ಸವರಿದರು.

ಎಷ್ಟೋ ವರ್ಷಗಳಿಂದ ಯಾರೂ ಸವರದ ತಲೆ. ಶಿವಗಂಗೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮದರಾಸಿನ ವಿಷಯ ಹೇಳಿದಳು.

ದಾಕ್ಷಾಯಣಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಸಿಟ್ಟಾಗಲಿಲ್ಲ, ಅದೇ ಕಷ್ಟವಾದದ್ದು.

“ಮೂರು ವರ್ಷ ಯಾರವ್ವ ಕಾಯ್ತಾರೆ? ಅಷ್ಟೊತ್ತಿಗೆ ನಾನು ಇರ್ತೀನೋ ಇಲ್ವೋ. ಸಿರಿಗೆರೆ ಕಡೆ ಒಂದು ಹೆಣ್ಣು ಐತೆ, ಅವರು ಕೇಳ್ತಾನೇ ಅವ್ರೆ. ನೀನು ಉಳಿದ್ರೆ ನೀನೇ ನಮ್ಮ ಸೊಸೆ. ಹೋಗ್ತೀನಿ ಅಂದ್ರೆ ನಾನು ಆ ಕಡೆ ಮಾತು ಕೊಡ್ತೀನಿ. ಆಮೇಲೆ ಬೈಕಬ್ಯಾಡ.”

ಮರುದಿನ ಸಂಜೆ ಶಿವಗಂಗೆ ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಿದ್ದಾಗ ಹಿಂದೆ ಹೆಜ್ಜೆಯ ಸದ್ದಾಯಿತು. ತಿರುಗದೆಯೇ ಅವಳಿಗೆ ಗೊತ್ತಾಯಿತು.

“ಇವತ್ತು ಯಾವ ಕಾಯಿಲೆ ಸಾವ್ಕಾರ್ರೆ?”

“ಇವತ್ತು ನಿಜವಾದ್ದು,” ಎಂದ ಏಕಾಂತಪ್ಪ.

ಇಬ್ಬರೂ ತೂಬಿನ ಕಲ್ಲಿನ ಹತ್ತಿರ ನಿಂತರು. ನೀರಿನ ಮೇಲೆ ಬೆಳಕು ತೆಳ್ಳಗಾಗುತ್ತಿತ್ತು. ಶಿವಗಂಗೆ ಅವನ ಮುಖವನ್ನು ನೇರವಾಗಿ ನೋಡಿದಳು.

“ಒಂದು ಕೇಳ್ತೀನಿ, ನಿಜ ಹೇಳ್ರಿ. ಸೂಲಗಿತ್ತಿಗೆ ಯಾರಾದ್ರೂ ಮೊಳಕಾಲ್ಮೂರು ಸೀರೆ ಕೊಡ್ತಾರಾ?”

ಅವನು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಇಲ್ಲ,” ಎಂದ. “ಜವಳಿ ಅಂಗಡಿಯೋನು ನಾನು. ಸೀರುಡಿಕೆ ಸೀರೆ ಅಂತ ಕೇಳಿಕ್ಯಂಡು ನಮ್ಮ ಅಂಗಡಿಗೇ ಬರ್ತಾರೆ. ಯಾವ ಸೀರೆ ಯಾತಕ್ಕೆ ಅಂತ ನಂಗೆ ಗೊತ್ತಿರಲ್ವಾ? ಗೊತ್ತಿದ್ದೇ ತಂದೆ.”

ಅವಳು ಕಲ್ಲನ್ನು ಹಿಡಿದುಕೊಂಡಳು.

“ಅಕ್ಕನ ಹೆರಿಗೇಲಿ ನಾನು ಬಾಗಿಲಾಚೆ ಕುಂತಿದ್ದೆ. ಒಳಗೆ ನೀವು ಮಾತಾಡ್ತಾನೇ ಇದ್ರಿ. ‘ಇನ್ನೊಂದೇ ಸಲ ನಮ್ಮವ್ವ, ಇನ್ನೊಂದೇ ಸಲ’ ಅಂತ. ಅಕ್ಕ ಕೂಗಾಡಿದ್ರೂ ನಿಮ್ಮ ದನಿ ಏರ್ಲಿಲ್ಲ. ಆ ದನಿ ನಮ್ಮನೇಲಿ ಇರ್ಬೇಕು ಅನ್ನಿಸ್ತು.”

“ಮತ್ತೆ ಮಾರನೇ ದಿನ ಬಂದು ಸೂಲಗಿತ್ತಿ ಅಂತ ಯಾಕಂದ್ರಿ?”

“ಹೆದರಿಕೆ ಆತು. ಅಷ್ಟು ಜನರ ಮುಂದೆ ನೀವು ಒಲ್ಲೆ ಅಂದುಬಿಟ್ರೆ ಅಂತ. ಮೆಲ್ಲಗೆ ಹೇಳಾಣ, ಇನ್ನೊಂದು ದಿನ ಹೇಳಾಣ ಅಂತ ಬರ್ತಿದ್ದೆ. ನಿಮ್ಮ ಮುಖ ನೋಡಿದ್ರೆ ಬಾಯಿಗೆ ಬರಾದು ಕಿವಿನೋವೇ.”

ಶಿವಗಂಗೆಗೆ ನಗು ಬಂತು, ಸಿಟ್ಟೂ ಬಂತು, ಎರಡರ ಹಿಂದೆಯೇ ಕಣ್ಣೀರೂ ಬಂತು.

“ಆವತ್ತು ಹೌದು ಅಂದಿದ್ರೆ ನಾನೂ ಹೂಂ ಅಂತಿದ್ದೆ. ಆವತ್ತು ರಾತ್ರಿ ಆ ಸೀರೆ ತೊಡೆ ಮ್ಯಾಲಿಟ್ಟುಕೊಂಡು ಕುಂತಿದ್ದೆ. ಆವಾಗ ಮದರಾಸು ಇರಲಿಲ್ಲ. ಪುಟ್ಟಕ್ಕ ಬದುಕಿದ್ಲು.”

“ಈಗ?”

“ಈಗ ಅವಳ ಮುಖ ಕಣ್ಣ ಮುಂದೆ ಐತೆ. ಯಾಕೆ ಹೋದ್ಲು ಅಂತ ತಿಳಕಳ್ಳದೆ ನಾನು ಇನ್ನೊಬ್ಬಳ ಹೆರಿಗೆಗೆ ಹೆಂಗೆ ಹೋಗ್ಲಿ? ನಿಮ್ಮ ಮನೇಲಿ ಸುಖವಾಗಿ ಉಂಡು, ಹೆಂಗೆ ಮಲಗ್ಲಿ?”

ಹೋಗಬೇಡ ಎಂದು ಅವನೊಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ. ಅವಳಿಗೆ ಆ ಮಾತಿನ ಭಯವೂ ಇತ್ತು, ಆಸೆಯೂ ಇತ್ತು. ಅವನು ಹೇಳಲಿಲ್ಲ.

“ಹೋಗ್ರಿ. ನಿಮ್ಮನ್ನ ತಡೆದು ಇಟ್ಟುಕೊಂಡ್ರೆ, ನಂಗೆ ಬೇಕಾದ ನೀವು ಉಳಿಯಾದಿಲ್ಲ,” ಎಂದ.

ಕಾಯುತ್ತೇನೆ ಎಂದು ಅವನಾಗಿಯೇ ಹೇಳಲಿ ಎಂದು ಅವಳು ಕಾದಳು. ಕಾಯಿ ಎಂದು ಅವಳೇ ಕೇಳಲಿ ಎಂದು ಅವನು ಕಾದ. ಹಾಗೆ ಇಬ್ಬರೂ ಕಾಯುತ್ತ ಕತ್ತಲಾಯಿತು. ಎಂಥ ಜಾಣರು ಇಬ್ಬರೂ! ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋದರು.

ರೈಲು ಹತ್ತುವುದು ರಾಮಗಿರಿಯಲ್ಲಿ. ಏಕಾಂತಪ್ಪನ ಅಕ್ಕ ಅನ್ನಪೂರ್ಣಮ್ಮ ಹಟ ಹಿಡಿದು ಹಿಂದಿನ ದಿನವೇ ಶಿವಗಂಗೆಯನ್ನು ತನ್ನ ಮನೆಗೆ ಕರೆಸಿಕೊಂಡಿದ್ದಳು. ಬೆಳಗ್ಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೂ ಬಂದಳು. ಏಕಾಂತಪ್ಪ ಟ್ರಂಕು ಹೊತ್ತು ಹಿಂದೆ ಬಂದ. ಹತ್ತಿ ಅಂಡಿಗೆ ಹೇರಲು ಬಂದ ಹಮಾಲರು, ಬೆಂಗಳೂರಿಗೆ ಹೊರಟ ವಕೀಲರು, ಯಾರನ್ನೋ ಕಳಿಸಲು ಬಂದ ಇಡೀ ಒಂದು ಕುಟುಂಬ, ಪ್ಲಾಟ್‌ಫಾರಮ್ಮು ಗಿಜಿಗುಡುತ್ತಿತ್ತು.

ಗುಡ್ಡದ ಮರೆಯಿಂದ ಹೊಗೆ ಕಾಣಿಸಿದಾಗ ಅನ್ನಪೂರ್ಣಮ್ಮ ಮಗುವಿಗೆ ರೈಲು ತೋರಿಸುವ ನೆಪದಲ್ಲಿ ದೂರ ಹೋದಳು. ಜಾಣೆ.

ಶಿವಗಂಗೆ ಎಲ್ಲವನ್ನೂ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದಳು. ಒಬ್ಬ ಒಳ್ಳೆಯ ಮನುಷ್ಯನನ್ನು ಬರಿಗೈಯಲ್ಲಿ ಮೂರು ವರ್ಷ ನಿಲ್ಲಿಸುವ ಹಕ್ಕು ತನಗೆ ಯಾರು ಕೊಟ್ಟರು? ಜೀವಮಾನದಲ್ಲಿ ಯಾರ ಮುಂದೆಯೂ ಕೈ ಚಾಚಿದವಳಲ್ಲ, ಈಗ್ಯಾಕೆ ಚಾಚಬೇಕು?

“ಸಿರಿಗೆರೆ ಹೆಣ್ಣು ಒಳ್ಳೇದು ಅಂತಾರೆ,” ಎಂದಳು. “ಅವ್ವಾರಿಗೂ ವಯಸ್ಸಾತು. ಮದುವೆ ಮಾಡ್ಕಳ್ರಿ.”

ಏಕಾಂತಪ್ಪ ಅವಳನ್ನೇ ನೋಡಿದ. ಎಲ್ಲರನ್ನೂ ದಾಟಿ ಬರುವ ಅದೇ ನೋಟ, ಈ ಸಲ ಅವಳ ಕಣ್ಣಿನ ಮೇಲೇ ಬಂದು ನಿಂತಿತು.

“ನಿಮಗೆ ಹಂಗೇ ಬೇಕಾ?”

“ಹೂಂ. ಹಂಗೇ ಬೇಕು.”

“ಆತು ಬಿಡ್ರಿ,” ಎಂದ. ಟ್ರಂಕನ್ನು ಹೆಂಗಸರ ಡಬ್ಬಿಯೊಳಗೆ ಇಟ್ಟು, ಕೆಳಗಿಳಿದು, ಪೇಟ ಸರಿಮಾಡಿಕೊಂಡ. ಸರಿಯಾಗಿಯೇ ಇದ್ದ ಪೇಟ.

ಗಾರ್ಡು ಸೀಟಿ ಊದಿದ. ಡಬ್ಬಿ ಒಮ್ಮೆ ಜಗ್ಗಿ ಮುಂದೆ ಸರಿಯಿತು. ಶಿವಗಂಗೆ ಕಿಟಕಿಯಿಂದ ನೋಡಿದಳು. ಅವನು ಆಗಲೇ ತಿರುಗಿ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದ. ಬೆನ್ನು, ಅಂಗಿಯ ಮಡಿಕೆ, ಪೇಟದ ಅಂಚು. ಇಷ್ಟೇ, ಇನ್ನು ತನ್ನ ಪಾಲಿಗೆ ಉಳಿಯುವುದು ಇಷ್ಟೇ ಎಂದು ಅನ್ನಿಸಿದ ಕೂಡಲೇ ಅವಳು ಇಟ್ಟುಕೊಂಡಿದ್ದ ಯೋಚನೆಯೆಲ್ಲ ಗಾಳಿಗೆ ಹೋಯಿತು. ಎದ್ದು ಬಾಗಿಲಿಗೆ ಓಡಿದಳು. ಸರಳು ಹಿಡಿದು ಅರ್ಧ ಮೈ ಹೊರಗೆ ಚಾಚಿದಳು.

“ಏಕಾಂತಪ್ಪಾರೇ!”

ಅವನು ತಿರುಗಿದ. ಅವನೊಬ್ಬನೇ ಅಲ್ಲ, ಇಡೀ ಪ್ಲಾಟ್‌ಫಾರಮ್ಮು ತಿರುಗಿತು.

“ಮಾಡ್ಕಬ್ಯಾಡ್ರಿ!” ಎಂದು ಕೂಗಿದಳು. “ನಾನು ಹೇಳಿದ್ದು ಸುಳ್ಳು! ಮಾಡ್ಕಬ್ಯಾಡ್ರಿ! ನಂಗೆ ನೀವು ಬೇಕು! ಕಾಯ್ರೀ!”

ಹಮಾಲರು ಅಂಡಿಗೆ ಇಳಿಸಿ ನೋಡಿದರು. ವಕೀಲರು ಡಬ್ಬಿಯಿಂದ ತಲೆ ಹೊರಹಾಕಿದರು. ನಾಲ್ಕು ಜನರ ಕಣ್ಣಿಗೆ ಹೆದರಿ ಒಂದು ಮಾತನ್ನು ನುಂಗಿಕೊಂಡಿದ್ದ ಆ ಮನುಷ್ಯ ಅವತ್ತು ಪಂಚೆ ಮೇಲಕ್ಕೆತ್ತಿ ಓಡತೊಡಗಿದ. ಯಾರಿಗೋ ಡಿಕ್ಕಿ ಹೊಡೆದ, ಪೇಟ ಬಿದ್ದುಹೋಯಿತು, ತಿರುಗಿ ನೋಡಲಿಲ್ಲ. ಪ್ಲಾಟ್‌ಫಾರಮ್ಮಿನ ತುದಿಗೆ ಬಂದು, ಇನ್ನು ನೆಲವಿಲ್ಲದ ಕಡೆ ನಿಂತು, ಎರಡೂ ಕೈ ಮೇಲೆತ್ತಿದ.

“ಕಾಯ್ತೀನೀ! ಯಾರು ಬ್ಯಾಡ ಅಂದ್ರೂ ಕಾಯ್ತೀನಿ! ಓದಿಕ್ಯಂಡು ಬರ್ರೀ!”

ಅದನ್ನು ಅವಳೂ ಕೇಳಿದಳು, ರಾಮಗಿರಿಯೂ ಕೇಳಿತು. ಸಂಜೆಯೊಳಗೆ ಹೊಳಲ್ಕೆರೆಯೂ ಕೇಳುತ್ತದೆ, ದಾಕ್ಷಾಯಣಮ್ಮನೂ ಕೇಳುತ್ತಾರೆ. ಕೇಳಲಿ ಎಂದು ಅವಳಿಗೆ ಅನ್ನಿಸಿತು.

ಅವನು ಚಿಕ್ಕವನಾಗುತ್ತ ಹೋದ. ತಿರುವಿನಲ್ಲಿ ಗುಡ್ಡ ಅಡ್ಡ ಬಂತು. ಶಿವಗಂಗೆ ಒಳಗೆ ಬಂದು ಟ್ರಂಕಿನ ಮೇಲೆ ಕುಳಿತಳು.  ಮುಂದೆ ಗುರುತಿಲ್ಲದ ಊರು, ಬಾರದ ಭಾಷೆ, ಮೂರು ವರ್ಷದ ಒಂಟಿ ಊಟ. ಅದರಲ್ಲಿ ಒಂದು ತುತ್ತೂ ಕಮ್ಮಿಯಾಗಿರಲಿಲ್ಲ, ಅವಳಿಗೆ ಅದು ಗೊತ್ತಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಎದುರಿಗೆ ಕುಳಿತಿದ್ದ ಮುದುಕಿ ಹೊಸದುರ್ಗದವರೆಗೂ ಅವಳನ್ನು ಅಳಲು ಬಿಟ್ಟಳು. ಆಮೇಲೆ ಎಲೆಯಡಿಕೆ ಮೆಲ್ಲುತ್ತ ಮೆತ್ತಗೆ ಕೇಳಿದಳು.

“ಓಡಿ ಬಂದ್ನಲ್ಲ, ಯಾರವ್ವ ಅವನು? ನಿನ್ನ ಗಂಡನಾ?”

ಶಿವಗಂಗೆ ಮುಖ ಒರೆಸಿಕೊಂಡಳು.

“ಅಲ್ಲ ಅಜ್ಜಿ,” ಎಂದಳು. “ಇನ್ನೂ ಅಲ್ಲ.”